ಸಹಾಯ ಬೇಕು: ಚಿಕ್ಕ ಹಾಲ್‌ನಲ್ಲಿ ಪಂಕ್ ಶೋ, ಗಾಯಕಿಯ ದನಿಯೇ ಕೇಳ್ತಿಲ್ಲ

ಲೈವ್ ಸೌಂಡ್ ಗೊತ್ತಿರೋರು ದಯವಿಟ್ಟು ಹೇಳಿ. ಬೆಂಗಳೂರಲ್ಲಿ 80 ಜನ ನಿಲ್ಲೋ ಹಾಲ್. ಡ್ರಮ್ಸ್, ಬೇಸ್, ಗಿಟಾರ್, ಗಾಯಕಿ. ಎರಡು 12 ಇಂಚಿನ ಸ್ಪೀಕರ್, ಒಂದು ಮಾನಿಟರ್ (ಹಾಡೋರಿಗೆ ತಮ್ಮ ದನಿ ಕೇಳಿಸೋ ಸ್ಪೀಕರ್), ಶೂರ್ ಎಸ್‌ಎಂ 58 ಮೈಕ್.

ಡ್ರಮ್ಸ್‌ಗೆ ಮೈಕೇ ಹಾಕಿಲ್ಲ, ಆದರೂ ಸ್ನೇರ್, ಸಿಂಬಲ್ ಸದ್ದೇ ಹಾಲ್ ತುಂಬುತ್ತೆ. ದನಿ ಏರಿಸಿದರೆ ಮೈಕ್ ಕುಂಯ್ಯೋ ಅನ್ನುತ್ತೆ. ಗಾಯಕಿ ಹಾಡಿನ ಭರದಲ್ಲಿ ಮೈಕಿನ ಜಾಲರಿಯನ್ನ ಅಂಗೈಯಲ್ಲಿ ಮುಚ್ಚಿ ಹಿಡೀತಾರೆ. ಹಿಂದಿನ ಗಾಳಿಕಿಂಡಿ ಮುಚ್ಚಿದ ಕೂಡಲೇ ಕಾರ್ಡಿಯಾಯ್ಡ್ ಮೈಕ್ (ಮುಖ್ಯವಾಗಿ ಮುಂದಿನ ಸದ್ದು ಹಿಡಿಯೋ ಮೈಕ್) ಸುತ್ತಲಿನ ಸದ್ದನ್ನೆಲ್ಲ ಎಳ್ಕೊಳ್ಳುತ್ತೆ. ಜೊತೆಗೆ ಜನರ ನಡುವೆ ಹಾರಿದರೆ ಮೈಕ್ ನೇರ ಸ್ಪೀಕರ್ ಮುಂದೆ! ಪಂಕ್ ಶೋನಲ್ಲಿ 'ಅಲ್ಲಾಡದೆ ಹಾಡಿ' ಅನ್ನೋಕಾಗುತ್ತಾ?

ಮಾನಿಟರನ್ನ ಮೈಕಿನ ಬೆನ್ನಿಗೆ ನೇರ ಇಟ್ಟಾಯ್ತು. ದನಿಯ ಈಕ್ಯೂನಲ್ಲಿ (ಸ್ವರದ ಏರಿಳಿತ ಹೊಂದಿಸೋ ಗುಂಡಿಗಳು) 120 ಹರ್ಟ್ಜ್ ಕೆಳಗಿನ ದಪ್ಪ ಸದ್ದು ಕಟ್, 2.5 ಕಿಲೋಹರ್ಟ್ಜ್ ಹತ್ತಿರ 4 ಡಿಬಿ ಇಳಿಕೆ. ಗಿಟಾರ್ ಆಂಪ್ ಹಿಂದಕ್ಕೆ ಓರೆ ಮಾಡಿ ವಾದಕನ ಕಿವಿಗೇ ತಿರುಗಿಸಿದ್ದೇವೆ. ಇದರಿಂದ ಆತ ತಾನಾಗೇ ವಾಲ್ಯೂಮ್ ಇಳಿಸಿದ.

ಸೂಪರ್‌ಕಾರ್ಡಿಯಾಯ್ಡ್ ಮೈಕ್ (ಇನ್ನೂ ಕಿರಿದಾಗಿ ಮುಂದಿನ ಸದ್ದು ಹಿಡಿಯೋದು) ತಂದರೆ ಲಾಭ ಇದೆಯಾ, ಅಥವಾ ಮುಚ್ಚಿ ಹಿಡಿಯೋರಿಗೆ ಅದೂ ಅಷ್ಟೇನಾ? ಡ್ರಮ್ಸ್ ಹಿಂದೆ ದಪ್ಪ ಜಮಖಾನ ಕಟ್ಟಿದರೆ ಸಿಂಬಲ್ ತಗ್ಗುತ್ತಾ? ಬಾಗಿಲಲ್ಲಿ ಹಂಚೋಕೆ 100 ಜೊತೆ ಫೋಮ್ ಇಯರ್‌ಪ್ಲಗ್ ಸಗಟಿಗೆ ಎಲ್ಲಿ ಸಿಗುತ್ತೆ? ಅಮೆರಿಕದ ನಿಯೋಷ್ (ಕೆಲಸದ ಜಾಗದ ಆರೋಗ್ಯ ನೋಡೋ ಸರ್ಕಾರಿ ಸಂಸ್ಥೆ) ಲೆಕ್ಕದಲ್ಲಿ 100 ಡಿಬಿಗೆ ದಿನಕ್ಕೆ 15 ನಿಮಿಷವೇ ಮಿತಿ, ಶೋ 40 ನಿಮಿಷದ್ದು.