ಮದುವೆ ವಿಡಿಯೋ ಟಿವಿಯಲ್ಲಿ ಓಡುತ್ತಿದೆ, ಧ್ವನಿ ಮಾತ್ರ ಇಲ್ಲ

ಪ್ರಶ್ನೆ:
ಸರ್, ತಂಗಿ ಮದುವೆ ವಿಡಿಯೋವನ್ನು ಸ್ಟುಡಿಯೋದವರು ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದಾರೆ. ಎರಡು ಫೈಲ್‌ಗಳಿವೆ. ಲ್ಯಾಪ್‌ಟಾಪ್‌ನಲ್ಲಿ ಎರಡೂ ಚೆನ್ನಾಗಿ ಓಡುತ್ತವೆ. ಟಿವಿಗೆ ಹಾಕಿದರೆ ಮುಹೂರ್ತದ ಫೈಲ್‌ನಲ್ಲಿ ಚಿತ್ರ ಬರುತ್ತದೆ, ಧ್ವನಿ ಇಲ್ಲ. ಆರತಕ್ಷತೆಯದ್ದು ತೆರೆಯುವುದೇ ಇಲ್ಲ. ಮೊದಲನೆಯದರ ಹೆಸರಿನ ಕೊನೆಗೆ ‘ಎಂಒವಿ’ ಅಂತ ಇತ್ತು, ಅದನ್ನು ‘ಎಂಪಿ4’ ಅಂತ ಬದಲಿಸಿದೆ. ಏನೂ ಆಗಲಿಲ್ಲ. ಊರಲ್ಲಿ ಅಜ್ಜಿಗೂ ತೋರಿಸಬೇಕು, ಅಲ್ಲಿರುವುದು ಹಳೇ ಡಿವಿಡಿ ಪ್ಲೇಯರ್. ಎಲ್ಲಾ ಒಟ್ಟಿಗೆ ಕನ್ವರ್ಟ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಉತ್ತರ:
ಸಾಫ್ಟ್‌ವೇರ್ ಆಮೇಲೆ ನೋಡೋಣ. ಎಂಒವಿ, ಎಂಪಿ4, ಎಂಕೆವಿ ಇವೆಲ್ಲ ಬರೀ ಡಬ್ಬಿಗಳು, ಒಳಗಿನ ಚಿತ್ರ, ಧ್ವನಿ ಬೇರೆ ಬೇರೆ ಫಾರ್ಮ್ಯಾಟ್‌ನಲ್ಲಿರಬಹುದು. ಡಬ್ಬಿ ಮೇಲೆ ಸಕ್ಕರೆ ಅಂತ ಚೀಟಿ ಅಂಟಿಸಿದರೆ ಒಳಗಿನ ರವೆ ಸಕ್ಕರೆ ಆಗುವುದಿಲ್ಲ, ಅಲ್ವಾ? ಹೆಸರು ಬದಲಿಸಿದ್ದಕ್ಕೆ ಏನೂ ಆಗದಿದ್ದದ್ದು ಅದಕ್ಕೇ. ‘ಮೀಡಿಯಾಇನ್ಫೋ’ ಅಂತ ಒಂದು ಉಚಿತ ತಂತ್ರಾಂಶ ಇದೆ. ಎರಡೂ ಫೈಲ್‌ಗಳನ್ನು ಅದರಲ್ಲಿ ತೆರೆದು, ಚಿತ್ರ ಯಾವ ಫಾರ್ಮ್ಯಾಟ್, ಧ್ವನಿ ಯಾವ ಫಾರ್ಮ್ಯಾಟ್ ಅಂತ ಇಲ್ಲಿ ಬರೆಯಿರಿ.

ಕೇಳಿದವರು:
ನೋಡಿದೆ ಸರ್. ಮುಹೂರ್ತ: ಎವಿಸಿ, 1920×1080, 8 ಬಿಟ್, 4:2:0, ಧ್ವನಿ ಪಿಸಿಎಂ. ಆರತಕ್ಷತೆ: ಎಚ್‌ಇವಿಸಿ, 3840×2160, 10 ಬಿಟ್, 4:2:2, ಧ್ವನಿ ಎಎಸಿ.

ಉತ್ತರ:
ಈಗ ಗೊತ್ತಾಯಿತು. ಎರಡರ ತೊಂದರೆಯೂ ಬೇರೆ ಬೇರೆ.

ಮುಹೂರ್ತದ್ದರಲ್ಲಿ ಚಿತ್ರ ಸರಿಯಾಗೇ ಇದೆ. ಎವಿಸಿ ಅಂದರೆ ಎಚ್.264, ಈಗಿನ ಟಿವಿಗಳು ಸಾಮಾನ್ಯವಾಗಿ ಓಡಿಸುತ್ತವೆ. ಧ್ವನಿ ಮಾತ್ರ ಪಿಸಿಎಂ, ಅಂದರೆ ಗಾತ್ರ ಇಳಿಸಲು ಒತ್ತದೇ (ಕಂಪ್ರೆಸ್ ಮಾಡದೇ) ಹಾಗೇ ಇಟ್ಟದ್ದು. ಎಡಿಟಿಂಗ್‌ನಿಂದ ನೇರ ತೆಗೆದ ಫೈಲ್‌ಗಳಲ್ಲಿ ಇದು ಮಾಮೂಲು, ಕೆಲವು ಟಿವಿಗಳಿಗೆ ಆಗಿಬರುವುದಿಲ್ಲ. ಹಾಗಾಗಿ ಚಿತ್ರವನ್ನು ಮುಟ್ಟಲೇಬೇಡಿ. ‘ಅವಿಡೆಮಕ್ಸ್’ ಅನ್ನುವ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದು ವಿಡಿಯೋಗೆ ‘ಕಾಪಿ’, ಆಡಿಯೋಗೆ ‘ಎಎಸಿ’ (ಒತ್ತಿದ ಧ್ವನಿಯ ಫಾರ್ಮ್ಯಾಟ್), ಡಬ್ಬಿಗೆ ‘ಎಂಪಿ4 ಮಕ್ಸರ್’ ಆರಿಸಿ ಸೇವ್ ಮಾಡಿ. ಬೇಗ ಮುಗಿಯುತ್ತದೆ, ಚಿತ್ರದ ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ. ಇದಕ್ಕೆ ‘ಹ್ಯಾಂಡ್‌ಬ್ರೇಕ್’ ಅನ್ನುವ ಕನ್ವರ್ಟರ್ ಬೇಡ. ಅದು ಚಿತ್ರವನ್ನು ಪ್ರತಿ ಸಲವೂ ಹೊಸದಾಗಿ ಎನ್‌ಕೋಡ್ ಮಾಡುತ್ತದೆ, ಅಂದರೆ ಮತ್ತೆ ಒತ್ತುತ್ತದೆ.

ಆರತಕ್ಷತೆಯದ್ದಕ್ಕೆ ಹ್ಯಾಂಡ್‌ಬ್ರೇಕೇ ಬೇಕು. ನಿಮ್ಮ ಟಿವಿಗೆ ಎಚ್‌ಇವಿಸಿ (ಎಚ್.264ರ ನಂತರ ಬಂದ ಎಚ್.265) ಗೊತ್ತಿದ್ದರೂ 4:2:2 ತೊಡಕು, ಅಂದರೆ 4:2:0ಗಿಂತ ಬಣ್ಣದ ವಿವರ ಹೆಚ್ಚು ಇಟ್ಟ ಚಿತ್ರ. ಕ್ಯಾಮೆರಾದವರು ಬಣ್ಣ ತಿದ್ದಲು ಅನುಕೂಲ ಅಂತ ಹಾಗೆ ಶೂಟ್ ಮಾಡುತ್ತಾರೆ, ಟಿವಿಗಳು ಸಾಮಾನ್ಯವಾಗಿ 4:2:0 ಮಾತ್ರ ಓಡಿಸುತ್ತವೆ. ‘ಫಾಸ್ಟ್ 1080ಪಿ30’ ಪ್ರೀಸೆಟ್ ಆರಿಸಿ. ಆರ್‌ಎಫ್ ಸಂಖ್ಯೆ 20ರಿಂದ 22ರ ನಡುವೆ ಇರಲಿ, ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಜಾಸ್ತಿ, ಫೈಲೂ ದೊಡ್ಡದು. ಫ್ರೇಮ್ ರೇಟನ್ನು ‘ಸೇಮ್ ಆಸ್ ಸೋರ್ಸ್’ಗೆ ಬದಲಿಸಿ. ಮೂಲ 50 ಫ್ರೇಮ್ ಇದ್ದು ನೀವು 30ಕ್ಕೆ ಇಳಿಸಿದರೆ ನಡೆಯುವವರೆಲ್ಲ ಜರ್ಕ್ ಹೊಡೆಯುತ್ತಾರೆ. ರಾತ್ರಿ ಹಾಕಿ ಮಲಗಿ, ಹಳೇ ಲ್ಯಾಪ್‌ಟಾಪ್ ಆದರೆ ಸಮಯ ಹಿಡಿಯುತ್ತದೆ.

ಪೆನ್‌ಡ್ರೈವ್ ‘ಫ್ಯಾಟ್32’ ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ದಾಟಿದ ಫೈಲ್ ಕಾಪಿಯೇ ಆಗುವುದಿಲ್ಲ. ಜಾಗ ಇದ್ದರೂ ‘ಜಾಗ ಸಾಲದು’ ಅಂದಂತೆ ಕಾಣಬಹುದು, ಗಾಬರಿಯಾಗಬೇಡಿ.

ಕೇಳಿದವರು:
ಧ್ವನಿ ಬಂತು ಸರ್! ಇನ್ನು ಅಜ್ಜಿಯ ಡಿಸ್ಕ್. ಇದೇ ಎಂಪಿ4 ಅನ್ನು ಡಿವಿಡಿಗೆ ಬರ್ನ್ ಮಾಡಿದರೆ ಸಾಕಾ?

ಉತ್ತರ:
ಸಾಲದು. ಅದು ಡೇಟಾ ಡಿಸ್ಕ್ ಆಗುತ್ತದೆ, ಹಳೇ ಪ್ಲೇಯರ್ ಓದುವುದಿಲ್ಲ. ಅದಕ್ಕೆ ಡಿವಿಡಿ-ವಿಡಿಯೋ ಬೇಕು, ಅಂದರೆ ಎಂಪೆಗ್-2 ಚಿತ್ರ. ನಮ್ಮ ದೇಶದ್ದು ‘ಪಾಲ್’ ಎಂಬ ಟಿವಿ ಪದ್ಧತಿ: 720×576, ಸೆಕೆಂಡಿಗೆ 25 ಫ್ರೇಮ್. ‘ಡಿವಿಡಿಸ್ಟೈಲರ್’ ತಂತ್ರಾಂಶ ಇದನ್ನೆಲ್ಲ ತಾನೇ ಮಾಡುತ್ತದೆ. ಶುರುವಿನಲ್ಲೇ ಪಾಲ್ ಮತ್ತು 16:9 ಆರಿಸಿ. 4:3 ಇಟ್ಟರೆ ಕೆಲವು ಟಿವಿಗಳಲ್ಲಿ ಮದುಮಗಳು ಉದ್ದಕ್ಕೆ ಎಳೆದಂತೆ ಕಾಣುತ್ತಾಳೆ.

ಒಂದು ಮಾಮೂಲಿ ಡಿಸ್ಕ್ 4.7 ಜಿಬಿ. ಎರಡು ಗಂಟೆ ಹಾಕಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ, ಅದು ಚೆನ್ನಾಗಿರುತ್ತದೆ. ನಾಲ್ಕು ಗಂಟೆ ತುರುಕಿದರೆ ಅದರ ಅರ್ಧ. ಆಗ ಸುಮ್ನೆ ಕೂತ ದೃಶ್ಯಗಳು ಹೇಗೋ ಪಾಸಾಗುತ್ತವೆ. ಎಲ್ಲರೂ ಒಟ್ಟಿಗೆ ಅಕ್ಷತೆ ಎರಚುವಾಗ ಮಾತ್ರ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಪ್ರತಿ ಕಾಳೂ ಬೇರೆ ಬೇರೆ ಕಡೆ ಹಾರುತ್ತಿರುತ್ತದಲ್ಲ! ಮಾಂಗಲ್ಯಧಾರಣೆಯೂ ಅದೇ ಹೊತ್ತಿಗೆ. ಅದಕ್ಕೇ ಮುಹೂರ್ತಕ್ಕೊಂದು, ಆರತಕ್ಷತೆಗೊಂದು ಡಿಸ್ಕ್ ಮಾಡಿ. ಡಿವಿಡಿ-ಆರ್ ತನ್ನಿ, ನಿಧಾನದ ವೇಗದಲ್ಲಿ ಬರ್ನ್ ಮಾಡಿ, ‘ಫೈನಲೈಸ್’ (ಬೇರೆ ಪ್ಲೇಯರ್‌ಗಳೂ ಓದುವಂತೆ ಡಿಸ್ಕ್ ಮುಗಿಸುವುದು) ಆಗಿದೆಯಾ ನೋಡಿ. ಡಿಸ್ಕ್‌ಗೆ ಸ್ಟುಡಿಯೋ ಕೊಟ್ಟ ಮೂಲ ಫೈಲನ್ನೇ ಬಳಸಿ, ಹ್ಯಾಂಡ್‌ಬ್ರೇಕ್‌ನಿಂದ ಬಂದದ್ದನ್ನಲ್ಲ. ಎರಡು ಸಲ ಒತ್ತಿದರೆ ಎರಡು ಸಲ ಕೆಡುತ್ತದೆ.

ಇನ್ನೊಬ್ಬರು:
ನಮ್ಮ ಮದುವೆಯದ್ದು ವಿಸಿಡಿ, ಒಳಗೆ ‘ಡಿಎಟಿ’ ಫೈಲ್. ಅದನ್ನು ಹೊಸ ಟಿವಿಗೆ 4ಕೆ ಮಾಡಬಹುದಾ ಸರ್?

ಉತ್ತರ:
ಇಲ್ಲ ಮೇಡಂ. ವಿಸಿಡಿ ಚಿತ್ರವೇ 352×288, ಕನ್ವರ್ಟ್ ಮಾಡಿದರೆ ಫೈಲ್ ದೊಡ್ಡದಾಗುತ್ತದೆ, ಮುಖ ಸ್ಪಷ್ಟವಾಗುವುದಿಲ್ಲ. ಒಳಗಿರುವುದು ಎಂಪೆಗ್-1. ವಿಎಲ್‌ಸಿಯಲ್ಲಿ ಓಡುತ್ತದೆ, ಟಿವಿಗೆ ಬೇಕಾದರೆ ಹ್ಯಾಂಡ್‌ಬ್ರೇಕ್‌ನಲ್ಲಿ ಅಳತೆ ಹಿಗ್ಗಿಸದೆ ಎಂಪಿ4 ಮಾಡಿ. ಅದಕ್ಕಿಂತ ಮೊದಲು ಡಿಎಟಿ ಫೈಲ್‌ಗಳನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿಕೊಳ್ಳಿ. ನಡುವೆ ನಿಂತುಹೋದರೆ ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ಒರೆಸಿ, ಸುತ್ತು ಸುತ್ತಿ ಒರೆಸಬೇಡಿ. ಬೇರೆ ಡ್ರೈವ್‌ನಲ್ಲೂ ಹಾಕಿ ನೋಡಿ, ಒಂದು ಓದದ್ದನ್ನು ಇನ್ನೊಂದು ಓದುವುದುಂಟು.