ವಿಯೆಟ್ನಾಂ ಕಂಡ ವೀರೇಶ

"ಅಲ್ಲಿ ರಸ್ತೆ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದು, ಅಷ್ಟು ಕ್ಲೀನು" ಎಂದ ವೀರೇಶ.

"ಗಂಗಾವತಿಯಲ್ಲೂ ಅಷ್ಟೇ ಅಲ್ವಾ? ನಾವು ಭತ್ತ ಒಣಗಿಸೋದೇ ರಸ್ತೆ ಮೇಲೆ. ನೀನು ದಿನಾ ಉಣ್ಣೋದು ಅದನ್ನೇ" ಎಂದ ಪಂಪಣ್ಣ.

ರಾಜಾಸಾಬನ ಹೋಟೆಲಿನಲ್ಲಿ ಒಗ್ಗರಣೆ, ಮಿರ್ಚಿ ಬಂದಿತ್ತು. ವೀರೇಶ ಮಿರ್ಚಿಯ ಕಡೆ ನೋಡಲೂ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ಟಾರ್ಗೆಟ್ ಮುಟ್ಟಿಸಿದ್ದಕ್ಕೆ ಕಂಪನಿಯವರು ನಾಲ್ಕು ರಾತ್ರಿ, ಐದು ಹಗಲಿನ ಟೂರು ಕೊಡಿಸಿದ್ದರು. ಬಂದಾಗಿನಿಂದ ಅವನ ಬಾಯಲ್ಲಿ ಎರಡೇ ಮಾತು. "ವಿಯೆಟ್ನಾಂನಲ್ಲಿ ಹಾಗಿಲ್ಲ" ಮತ್ತು "ನಮ್ಮ ದೇಶ ಉದ್ಧಾರ ಆಗಲ್ಲ."

"ಕಾಫಿಗೆ ಎಷ್ಟು ಕೊಟ್ಟೆ ಗೊತ್ತಾ? 30 ಸಾವಿರ!"

"ಯಪ್ಪಾ!" ರಾಜಾಸಾಬನ ಕೈಯಲ್ಲಿದ್ದ ಜಾಲರಿ ಸೌಟು ಎಣ್ಣೆಯ ಬಾಣಲೆಯ ಮೇಲೇ ನಿಂತಿತು.

"ಡಾಂಗ್ ಲೆಕ್ಕ. ನಮ್ಮ ಒಂದು ರೂಪಾಯಿಗೆ ಅಲ್ಲಿ ಹತ್ತಿರ ಹತ್ತಿರ 300 ಡಾಂಗ್. ಐದು ಲಕ್ಷದ ಒಂದೇ ನೋಟು ಇದೆ. ಪ್ಲಾಸ್ಟಿಕ್ಕು. ಮಳೆಯಲ್ಲಿ ನೆಂದರೂ ಏನೂ ಆಗಲ್ಲ."

"ನಮ್ಮ ನೋಟು ಮಳೆಯಲ್ಲಿ ನೆನೆಯೋ ಪ್ರಶ್ನೆಯೇ ಇಲ್ಲ" ಎಂದ ಪಂಪಣ್ಣ. "ಮಳೆಗಾಲಕ್ಕೆ ಮುಂಚೆನೇ ನಿನ್ನ ಅಂಗಡಿ ಸೇರಿರುತ್ತೆ."

ಮಾಸ್ತರ್ ಕನ್ನಡಕ ಏರಿಸಿ ಮೊಬೈಲು ತೆಗೆದರು. ನಿವೃತ್ತಿಯಾದ ಮೇಲೆ ಅವರಿಗೆ ಜಗತ್ತಿನ ಎಲ್ಲ ದೇಶಗಳ ಪ್ರೋಗ್ರೆಸ್ ಕಾರ್ಡ್ ನೋಡೋದೇ ಕೆಲಸ.

"ವೀರೇಶ ಹೇಳೋದು ಸುಳ್ಳಲ್ಲ. ವಿಶ್ವಸಂಸ್ಥೆಯವರ 2025ರ ಮಾನವ ಅಭಿವೃದ್ಧಿ ಪಟ್ಟಿ ನೋಡಿ. ವಿಯೆಟ್ನಾಂ 93ನೇ ಸ್ಥಾನ, ನಾವು 130. 1975ರ ತನಕ ಬಾಂಬು ತಿಂದ ದೇಶ ಅದು. ಆಮೇಲೂ ಹೊಟ್ಟೆಗೆ ಕಷ್ಟವೇ. 1986ರಲ್ಲಿ ದೊಯ್ ಮೋಯ್ ಅಂತ ಸುಧಾರಣೆ ತಂದರು. ಸಾಮೂಹಿಕ ಸಾಗುವಳಿ ಬಿಟ್ಟು ರೈತನಿಗೇ ಬೇಸಾಯ ವಹಿಸಿದರು. 1989ಕ್ಕೆಲ್ಲ ಹೊರದೇಶಕ್ಕೆ ಅಕ್ಕಿ ಕಳಿಸೋಕೆ ಶುರು."

"ಅಕ್ಕಿ ರಫ್ತಿನಲ್ಲಿ ನಾವು ಎಷ್ಟನೇ ನಂಬರು ಮಾಸ್ತರ್?"

"ಅದರಲ್ಲಿ ನಾವೇ ಒಂದನೇ ನಂಬರು."

"ಅಕ್ಕಿಯಲ್ಲಿ ಒಂದು, ಬದುಕಿನಲ್ಲಿ 130. ನಡುವೆ ಚೀಲ ಎಲ್ಲೋ ತೂತಾಗಿದೆ."

ಮಾಸ್ತರ್ ಬೆರಳಲ್ಲಿ ಪರದೆ ಸರಿಸಿದರು. "ಇನ್ನು ಆಯಸ್ಸು. ಅವರದು ಸರಾಸರಿ 74 ದಾಟಿದೆ. ನಮ್ಮದು 72."

ಪಂಪಣ್ಣ ಸ್ವಲ್ಪ ಹೊತ್ತು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದ.

"ನಮ್ಮಪ್ಪ 58ಕ್ಕೆ ಹೋದ. ಹಾಗಾದ್ರೆ ಸರಾಸರಿ ಸರಿಹೋಗೋಕೆ ಯಾರೋ ಒಬ್ಬ 86 ಬದುಕಿರಬೇಕು. ನಮ್ಮಪ್ಪನ 14 ವರ್ಷ ಅವನ ಹತ್ತಿರ ಇದೆ."

ಯಾರೂ ನಗಲಿಲ್ಲ. ಪಂಪಣ್ಣನ ಅಪ್ಪನಿಗೆ ಎದೆನೋವು ಬಂದಾಗ ಟ್ರ್ಯಾಕ್ಟರ್‌ನಲ್ಲಿ ಮಲಗಿಸಿಕೊಂಡು ಹೊರಟವರಲ್ಲಿ ಮಾಸ್ತರೂ ಇದ್ದರು. ಅವರು ಮೊಬೈಲು ಬೋರಲು ಹಾಕಿ ಮಂಡಾಳಿಗೆ ಕೈ ಹಾಕಿದರು.

"ಅವನು ಸಿಕ್ಕರೆ ಏನೂ ಕೇಳಲ್ಲ" ಎಂದ ಪಂಪಣ್ಣ. "ಒಂದೆರಡು ವರ್ಷ ವಾಪಸ್ ಕೊಡಪ್ಪಾ, ನಮ್ಮಪ್ಪ ಹೊಸ ಮನೆ ನೋಡಲಿಲ್ಲ ಅಂತೀನಿ, ಅಷ್ಟೇ."

ಮಾತು ಬೇರೆ ಕಡೆ ಹೋಗಲಿ ಅಂತ ವೀರೇಶ ಹಾಲಾಂಗ್ ಕೊಲ್ಲಿಯ ಹಡಗಿನ ಫೋಟೋ ತೋರಿಸಿದ. ಆಮೇಲೆ ದಾನಾಂಗ್ ಹತ್ತಿರ ಎರಡು ದೊಡ್ಡ ಕೈಗಳು ಹಿಡಿದುಕೊಂಡಿರೋ ಸೇತುವೆ. ಫೋಟೋದಲ್ಲಿ ಸೇತುವೆಗಿಂತ ವೀರೇಶನೇ ಜಾಸ್ತಿ ಇದ್ದ.

"ಹೋಟೆಲಲ್ಲಿ ದಿನಾ ಬೆಡ್‌ಶೀಟು ಬದಲಾಯಿಸ್ತಿದ್ದರು. ಏನು ಜೀವನಮಟ್ಟ ರೀ!"

"ಬದಲಾಯಿಸಿದ ಹೆಣ್ಣುಮಗಳು ಎಲ್ಲಿ ಮಲಗ್ತಾಳೆ ಅಂತ ಕೇಳಿದೆಯಾ?"

"ಅದೆಲ್ಲ ಪ್ಯಾಕೇಜಿನಲ್ಲಿ ಇರಲಿಲ್ಲ ಪಂಪಣ್ಣ."

"ಹೋಗಲಿ, ಅಲ್ಲಿ ಎಷ್ಟು ಪಕ್ಷ?"

"ಒಂದೇ" ಎಂದರು ಮಾಸ್ತರ್. "ಕಮ್ಯುನಿಸ್ಟ್ ಪಕ್ಷ."

"ಅಂದ್ರೆ ಬೆಳಿಗ್ಗೆ ಎದ್ದು ಇವರನ್ನ, ಮಧ್ಯಾಹ್ನ ಅವರನ್ನ, ರಾತ್ರಿ ಇಬ್ಬರನ್ನೂ ಬೈಯೋ ಹಾಗಿಲ್ಲ. ಈ ಬೈಯೋ ಸುಖಕ್ಕೆ ನಿಮ್ಮ ಪಟ್ಟಿಯಲ್ಲಿ ಎಷ್ಟು ಮಾರ್ಕ್ಸ್ ಮಾಸ್ತರ್?"

"ಅದಕ್ಕೆ ಕಾಲಂ ಇಲ್ಲ."

"ಹಾಕಿಸಿ. ನಾವು 93ರ ಮೇಲಕ್ಕೆ ಹೋಗ್ತೀವಿ. ಇನ್ನು ಎರಡು ದೇಶ ಹೋಲಿಸೋಕೆ ಪಾಸ್‌ಪೋರ್ಟ್ ಯಾಕೆ ಬೇಕು? ಕಾರಟಗಿಯಲ್ಲಿ ರಾತ್ರಿ ಬಸ್ ಹತ್ತಿ, ಬೆಳಿಗ್ಗೆ ಬೆಂಗಳೂರಲ್ಲಿ ಇಳಿದರೆ ಆಯ್ತು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಶೇಷ ಸ್ಥಾನಮಾನ ಏನು ನಮ್ಮ ಚೆಂದ ನೋಡಿ ಕೊಟ್ಟಿದ್ದಾ?"

ಹಾಗಂತ ಪಂಪಣ್ಣನಿಗೆ ವಿಯೆಟ್ನಾಂ ಮೇಲೆ ಸಿಟ್ಟಿಲ್ಲ. ಅವನ ಸಿಟ್ಟು ಇರೋದು ಏರ್‌ಪೋರ್ಟಿನಿಂದ ಹೋಟೆಲಿನ ತನಕ ನೋಡಿ ದೇಶ ಅಳೆಯೋರ ಮೇಲೆ. ಅದಕ್ಕೆ ಕಾರಣವೂ ಇದೆ. ಅವನ ಗದ್ದೆ ಇರೋದು ಹಂಪಿ ನೋಡೋಕೆ ಬರೋ ವಿದೇಶಿಯರು ಸುತ್ತಾಡೋ ಆನೆಗೊಂದಿ ಕಡೆ.

"ಒಂದ್ಸಲ ಕರೆಂಟು ಹೋಗಿತ್ತು" ಎಂದ. "ಒಳಗೆ ಸೆಖೆ. ಹೊರಸು ಹೊರಗೆ ಹಾಕಿ, ಬನಿಯನ್ ತೆಗೆದು, ಟವೆಲಿನಲ್ಲಿ ಸೊಳ್ಳೆ ಹೊಡೀತಾ ಕೂತಿದ್ದೆ. ಬಾಡಿಗೆ ಗಾಡಿಯಲ್ಲಿ ಒಬ್ಬ ಬಿಳಿಯ ಬಂದ. ಬಂಡೆ ನೋಡಿದ, ಗದ್ದೆ ನೋಡಿದ, ನನ್ನ ನೋಡಿದ. ಎದೆ ಮೇಲೆ ಕೈ ಇಟ್ಟುಕೊಂಡ. 'ವೆರಿ ಹ್ಯಾಪಿ, ವೆರಿ ಹ್ಯಾಪಿ' ಅಂತ ನನ್ನ ಫೋಟೋ ಹೊಡೆದುಕೊಂಡು ಹೋದ. ಈಗ ಅವನ ಊರಲ್ಲಿ ಒಬ್ಬ ಪಂಪಣ್ಣ ಇರ್ತಾನೆ ನೋಡು. ಇಂಡಿಯಾದವರಿಗೆ ಕರೆಂಟೂ ಬೇಡ, ಅಂಗಿಯೂ ಬೇಡ, ಎಷ್ಟು ನೆಮ್ಮದಿ ಅಂತ ದಿನಾ ಅವನ ತಲೆ ತಿಂತಿರ್ತಾನೆ ಇವನು."

ರಾಜಾಸಾಬ ನಕ್ಕ ರಭಸಕ್ಕೆ ಒಂದು ಮಿರ್ಚಿ ಬೂದಿಗೆ ಬಿತ್ತು.

ವೀರೇಶನಿಗೆ ಸ್ವಲ್ಪ ಅವಮಾನವಾಯಿತು. ಆದರೆ ವ್ಯಾಪಾರಿ ಅಲ್ವಾ, ಮಾತು ತಿರುಗಿಸಿದ. "ಮುಂದಿನ ವರ್ಷ ಬಾಕು ಅಂತೆ, ಅಜರ್‌ಬೈಜಾನ್. ಟಾರ್ಗೆಟ್ ಸ್ವಲ್ಪ ಜಾಸ್ತಿ ಇದೆ. ಈ ಸಲ ಭತ್ತಕ್ಕೆ ಎರಡು ಎಣ್ಣೆ ಜಾಸ್ತಿ ಹೊಡಿ ಪಂಪಣ್ಣ."

"ಹುಳ ಬಿದ್ದಿದೆಯಾ?"

"ಬೀಳಬಹುದು."

"ಉದ್ರಿ ಕೊಡ್ತೀಯಾ?"

"ನಿನಗೆ ಯಾವಾಗ ಇಲ್ಲ ಅಂದಿದೀನಿ?"

"ಹಾಗಾದ್ರೆ ಹೊಡೀತೀನಿ, ನೀನು ಹೋಗಿ ಬಾ" ಎಂದು ಪಂಪಣ್ಣ ಎದ್ದ. "ಬರುವಾಗ ಒಂದು ವಿಚಾರಿಸಿಕೊಂಡು ಬಾ. ಅಲ್ಲಿನ ರೈತರು ಗೊಬ್ಬರದ ಅಂಗಡಿಯವನನ್ನ ಎಲ್ಲಿಗೆ ಕಳಿಸ್ತಾರೆ ಅಂತ."