ಅಪ್‌ಡೇಟ್: ಹುರಿಯುವ ಯಂತ್ರ ಕೊಳ್ಳಲಿಲ್ಲ

ಕೈಯಲ್ಲಿರುವ 60,000 ರೂಪಾಯಿಯಲ್ಲಿ ಮೈಸೂರಿನಲ್ಲಿ ಕಾಫಿ ಪುಡಿ ವ್ಯಾಪಾರ ಆರಂಭಿಸಬಹುದೇ, ಹಳೆಯದೊಂದು ಹುರಿಯುವ ಯಂತ್ರ ಕೊಳ್ಳಲೇ ಎಂದು ಎಂಟು ತಿಂಗಳ ಹಿಂದೆ ಕೇಳಿದ್ದೆ. "ಯಂತ್ರ ಬೇಡ, ಕೂಲಿಗೆ ಹುರಿಸಿ" ಎಂದವರಿಗೆಲ್ಲ ನಮಸ್ಕಾರ. ಕೊಳ್ಳಲಿಲ್ಲ, ಬದುಕಿಕೊಂಡೆ.

ಮೊದಲ ಪೆಟ್ಟು ಬಿದ್ದದ್ದು ಲೆಕ್ಕದಲ್ಲಿ. 10 ಕಿಲೋ ಹಸಿ ಬೀಜ ಕೊಟ್ಟರೆ ಮರಳಿ ಬಂದದ್ದು 8 ಕಿಲೋ 300 ಗ್ರಾಂ. ಹುರಿಯುವವರೇ ಎತ್ತಿಟ್ಟುಕೊಂಡರೆಂದು ಎರಡು ದಿನ ಒಳಗೊಳಗೇ ಕುದಿದೆ. ಮುಂದಿನ ಸಲ ಎದುರಿಗೇ ನಿಂತೆ. ಬೀಜ ಚಟಪಟ ಸಿಡಿಯಿತು, ತೇವವೆಲ್ಲ ಆವಿಯಾಗಿ ಹೋಯಿತು, ಕೆಳಗೆ ಹೊಟ್ಟು ಉದುರಿತು. ತೂಕ ಮತ್ತೆ ಅಷ್ಟೇ! ನಾನೋ, ಹಸಿ ಬೀಜದ ತೂಕಕ್ಕೆ ಬೆಲೆ ಕಟ್ಟಿ ಕುಳಿತಿದ್ದೆ. ಮೊದಲ ತಿಂಗಳು ಪ್ರತಿ ಪೊಟ್ಟಣಕ್ಕೂ ಕೈಯಿಂದಲೇ ದುಡ್ಡು ಹಾಕಿದೆ.

ಆಹಾರ ಸುರಕ್ಷತಾ ನೋಂದಣಿ ಸುಲಭವಾಗಿಯೇ ಆಯಿತು. ಶುಲ್ಕ ವರ್ಷಕ್ಕೆ 100 ರೂಪಾಯಿ. ಕಾಫಿ ಪುಡಿಗೆ ಬೆರೆಸುವ ಚಿಕೋರಿ (ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ) ಶೇಕಡಾ 49 ಮೀರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಶುದ್ಧ ಕಾಫಿಯನ್ನೇ ಮಾರುತ್ತೇನೆಂದು ಹಟ ಹಿಡಿದಿದ್ದೆ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಲೋಟ ಎತ್ತಿ ಹಿಡಿದು, "ಹಾಲಿಗೆ ಬಿದ್ದರೆ ಬಣ್ಣವೇ ಇಲ್ಲವಲ್ಲಪ್ಪ" ಎಂದರು. ಈಗ 80 ಭಾಗ ಕಾಫಿ, 20 ಭಾಗ ಚಿಕೋರಿಯ ಮಿಶ್ರಣವೇ ಹೆಚ್ಚು ಓಡುತ್ತಿದೆ.

ಸದ್ಯ ತಿಂಗಳಿಗೆ 45 ಕಿಲೋ ಹೋಗುತ್ತದೆ. ಮನೆಯ ಜಗಲಿಯೇ ಅಂಗಡಿ, ಕೆಲಸ ಬಿಟ್ಟಿಲ್ಲ. ಹೋಟೆಲಿನವರೊಬ್ಬರು 6,000 ರೂಪಾಯಿ ಬಾಕಿ ಉಳಿಸಿಕೊಂಡಿದ್ದಾರೆ. ಕೇಳಲು ಹೋದಾಗಲೆಲ್ಲ ನನ್ನದೇ ಪುಡಿಯ ಕಾಫಿ ಕುಡಿಸಿ ಕಳುಹಿಸುತ್ತಾರೆ.